ಪ್ಲೇಗಿನ ಪಟ್ಟಿ ಮತ್ತು ಹಲಗೂರು ಬಸ್ಸು

ಕಷ್ಟಕಾಲಕ್ಕೆ ಬೇಕಾದ ಸಾಮಾನುಗಳ ಪಟ್ಟಿಯನ್ನು ಮುಂಚೆಯೇ ಬರೆದಿಟ್ಟುಕೊಂಡವನಿಗೆ ಅರ್ಧ ಕಷ್ಟ ಕಳೆದ ಹಾಗೆಯೇ ಎಂದು ನಾನು ಬಹಳ ಕಾಲ ನಂಬಿದ್ದೆ. ಉಳಿದ ಅರ್ಧ ಕಷ್ಟ ಆ ಪಟ್ಟಿಯಿಂದಲೇ ಬರುತ್ತದೆ ಎಂಬುದು ನನ್ನ ಹೆಂಡತಿಯ ಅಭಿಪ್ರಾಯ. ನಾನು ಮಳವಳ್ಳಿಯ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಬೆಳಿಗ್ಗೆ ಎದ್ದರೆ ಹಾಜರಿ ಕೂಗುವ ಕೆಲಸ. ಹೀಗೆ ಕೂಗಿ ಕೂಗಿ ನನಗೊಂದು ಚಟ ಹತ್ತಿಬಿಟ್ಟಿದೆ: ಮನೆಯ ಒರಳುಕಲ್ಲನ್ನೂ ಒಮ್ಮೆ ಹೆಸರು ಹಿಡಿದು ಕೂಗಿ ನೋಡೋಣ ಅನ್ನಿಸುತ್ತದೆ. ನನ್ನ ತಂಗಿಯ ಮದುವೆಗೆ ನಾನು ಬರೆದ ಪಟ್ಟಿ ಹನ್ನೊಂದು ಹಾಳೆ ಇತ್ತು. ಊಟವಾದ ಮೇಲೆ ಬೀಗರು ಹಲ್ಲಿಗೆ ಚುಚ್ಚಿಕೊಳ್ಳುವ ಕಡ್ಡಿ ಕೂಡ ಅದರಲ್ಲಿತ್ತು. ಬೀಗರನ್ನು ಮಂಡ್ಯದ ಸ್ಟೇಷನ್ನಿನಿಂದ ಕರೆತರುವ ಗಾಡಿ ಮಾತ್ರ ಇರಲಿಲ್ಲ. ಅವರು ಮೂರು ಗಂಟೆ ಕಾಲ ಸ್ಟೇಷನ್ನಿನಲ್ಲೇ ಕೂತಿದ್ದು, ಆಮೇಲೆ ಬಂದವರು ನನ್ನನ್ನು ನೋಡಿದ ನೋಟ, ಇವೆಲ್ಲ ಈಗ ಬೇಡ. ಹೇಳಹೊರಟಿದ್ದು ಪ್ಲೇಗಿನ ಪಟ್ಟಿಯ ವಿಷಯ.

ನಾಲ್ಕು ವರ್ಷದ ಹಿಂದಿನ ಮಾತು. ಯುದ್ಧ ನಡೆಯುತ್ತಿತ್ತು. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಕ್ವಿನೈನ್ ಮಾತ್ರೆಗೆ ಆಸ್ಪತ್ರೆಯಲ್ಲಿ ಕೈ ಮುಗಿಯಬೇಕಾಗಿತ್ತು, ನಮ್ಮಮ್ಮ ಒಂದೊಂದು ಬೆಂಕಿಕಡ್ಡಿಯನ್ನೂ ಬ್ಲೇಡಿನಿಂದ ಸೀಳಿ ಎರಡು ಮಾಡುತ್ತಿದ್ದಳು. ಸಂಕ್ರಾಂತಿಯ ಎಳ್ಳು ಇನ್ನೂ ಡಬ್ಬಿಯ ತಳದಲ್ಲಿರುವಾಗಲೇ ನಮ್ಮ ಹಿಂದಿನ ಬೀದಿಯಲ್ಲಿ ಇಲಿ ಸತ್ತು ಬಿತ್ತು. ಇಲಿ ಬಿತ್ತು ಎಂದ ಮೇಲೆ ನಮ್ಮ ಕಡೆ ಮತ್ತೆ ಚರ್ಚೆಯಿಲ್ಲ. ತೋಳಿಗೆ ಸೂಜಿ ಚುಚ್ಚಿಸಿಕೋ, ಹೆಂಚು ಸರಿಸಿ ಮನೆಯೊಳಕ್ಕೆ ಬಿಸಿಲು ಬಿಡು, ಬೀಗ ಹಾಕು, ಊರಾಚೆ ಯಾರದಾದರೂ ಹೊಲದಲ್ಲಿ ಗುಡಿಸಲು ಹಾಕಿಕೋ. ಸೂಜಿಯ ದಿನ ನಾನು ತಲೆಸುತ್ತಿ ಬಿದ್ದೆ ಎಂದು ಬೀದಿಯಲ್ಲೆಲ್ಲ ಸುದ್ದಿಯಾಯಿತು. ಅದು ಪೂರ್ತಿ ನಿಜವಲ್ಲ. ಬೀಳುವುದಕ್ಕೆ ಮುಂಚೆಯೇ ಬೆಂಚು ಹಿಡಿದುಕೊಂಡಿದ್ದೆ.

ನಮಗೆ ಹಾಲು ಕೊಡುತ್ತಿದ್ದ ನಿಂಗಮ್ಮನದು ಹಲಗೂರು ರಸ್ತೆಯ ಪಕ್ಕದಲ್ಲಿ ಎರಡೆಕರೆ ಹೊಲ. ಅಲ್ಲಿ ಗುಡಿಸಲು ಹಾಕಿಕೊಳ್ಳಲು ಅವಳೇ ಕರೆದಳು. ಅಷ್ಟೇ ಆಗಿದ್ದರೆ ನಾನು ಇಷ್ಟು ಗಾಬರಿಯಾಗುತ್ತಿರಲಿಲ್ಲ. ನನ್ನ ಹೆಂಡತಿ ಸಾವಿತ್ರಿಗೆ ಒಂಬತ್ತು ತಿಂಗಳು ತುಂಬುತ್ತಿತ್ತು. ಮದ್ದೂರಿನ ತವರಿಗೆ ಕಳಿಸೋಣವೆಂದರೆ ಅಲ್ಲೂ ಇಲಿ ಬಿದ್ದಿದೆಯೆಂದು ಮಾವನವರ ಕಾಗದ ಬಂದಿತ್ತು. ಅದಕ್ಕೆ ಎರಡು ವರ್ಷದ ಹಿಂದೆ ಮೊದಲ ಹೆರಿಗೆ ಆ ತವರಿನಲ್ಲೇ ಆಗಿತ್ತು. ಆಗ ನಾನು ಎರಡು ತಿಂಗಳು ಮೊದಲೇ ಮಂಡ್ಯದ ಪೇಟೆಯಿಂದ ಜರಿ ಅಂಚಿನ ಒಂದು ಕುಲಾವಿ ತಂದು, ಸಿಕ್ಕಿದವರಿಗೆಲ್ಲ ತೋರಿಸಿದ್ದೆ. ಮಗು ಹುಟ್ಟಿತು, ಅಳಲಿಲ್ಲ. ಎಷ್ಟು ತಟ್ಟಿದರೂ ಅಳಲಿಲ್ಲ. ಆ ಕುಲಾವಿಯನ್ನು ಯಾರು ಎಲ್ಲಿಟ್ಟರೋ ನಾನು ಕೇಳಲಿಲ್ಲ. ಅಮ್ಮ ಮಾತ್ರ ಒಂದೇ ಒಂದು ಸಲ, ನನ್ನ ಮುಖ ನೋಡದೆ, “ಕೂಸು ಹುಟ್ಟೋಕೆ ಮುಂಚೆ ಕುಲಾವಿ ತರಬಾರದಾಗಿತ್ತು ಕಣೋ ನಾಣಿ” ಅಂದಳು. ಆ ಗಾದೆ ನನಗೇನು ಹೊಸದಲ್ಲ. ವರ್ಷವರ್ಷವೂ ಹುಡುಗರಿಂದ ಅದರ ವಿಸ್ತರಣೆ ಬರೆಸಿ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿದವನು ನಾನು. ನನಗೇ ಅದು ಅರ್ಥವಾಗಿರಲಿಲ್ಲ, ಅಷ್ಟೆ.

ಆದ್ದರಿಂದ ಈ ಸಲ ಬಹಳ ಎಚ್ಚರದಿಂದ ಪಟ್ಟಿ ಬರೆಯಲು ಕೂತೆ. ಅಡಿಗೆಮನೆಯಿಂದ ಶುರುಮಾಡಿ, ನಡುಮನೆ, ದೇವರಮನೆ, ಹಿತ್ತಿಲು ಹೀಗೆ ಒಂದೊಂದೇ ತಪಾಸಣೆ. ಏನಿದೆ, ಎಷ್ಟಿದೆ, ಎಷ್ಟು ದಿನಕ್ಕೆ ಬಂದೀತು, ಕೊರತೆ ಎಷ್ಟು ಎಂದು ನಾಲ್ಕು ಕಲಂ ಎಳೆದೆ. ಅಕ್ಕಿ ಒಂದು ತಿಂಗಳಿಗೆ ಉಂಟು, ಉಪ್ಪು ಉಂಟು, ಹುಣಿಸೆಹಣ್ಣು ಬೇಕಾದಷ್ಟು, ಸೀಮೆಎಣ್ಣೆ ಕೊರತೆ, ಹರಳೆಣ್ಣೆಯಿಂದ ತುಂಬಿಸುವುದು. ಹೆಪ್ಪಿಗೆ ಒಂದು ಪುಟ್ಟ ಕುಡಿಕೆ. ಈ ಹೆಪ್ಪನ್ನು ಬರೆದಿದ್ದಕ್ಕೆ ಸಾವಿತ್ರಿ ಕೂಡ ಮೆಚ್ಚಿದಳು. ಅದೊಂದನ್ನು ಪಕ್ಕದ ಮನೆಯಲ್ಲೇ ಇಸಕೊಳ್ಳಬೇಕು, ಪಕ್ಕದ ಮನೆಯೇ ಇಲ್ಲದ ಜಾಗದಲ್ಲಿ ಏನು ಮಾಡೋದು? ಹೀಗೆ ಎಂಬತ್ತಾರು ಬಾಬುಗಳಾದವು. ಪ್ರತಿದಿನ ಸಂಜೆ ಅಮ್ಮನಿಗೆ ಓದಿ ಹೇಳಬೇಕು, ಅವಳು ತಿದ್ದಬೇಕು. ನಲವತ್ತೊಂದನೆಯ ಬಾಬಿಗೆ ಬಂದಾಗ ನನ್ನ ದನಿ ತಾನಾಗಿಯೇ ತಗ್ಗಿತು. “ಅದೇನು ನುಂಗಿದೆ?” ಅಂದಳು ಅಮ್ಮ.

“ಕುಲಾವಿ, ಒಂದು.”

ಅಮ್ಮ ಸೊಪ್ಪು ಸೋಸುತ್ತಿದ್ದವಳು ಕೈ ನಿಲ್ಲಿಸಿದಳು. “ಹೊಡೆದುಹಾಕೋ ಅದನ್ನ. ಕೂಸಿಗೆ ಅಂತ ಒಂದು ಚಿಂದಿಬಟ್ಟೆ ಸಹ ಬರೀಕೂಡದು. ಬರೀತಾನಂತೆ! ಹೋದ ಸಲ ಬುದ್ಧಿ ಬರಲಿಲ್ಲವೇನೋ ನಿನಗೆ?” ಎಂದು ರೇಗಿದಳು. ರೇಗಿದವಳ ಕಣ್ಣಲ್ಲಿ ನೀರು ತುಂಬಿತ್ತು. ನಾನು ಹೊಡೆದುಹಾಕಿದೆ. ಯುದ್ಧಕಾಲದ ಕಾಗದ, ನನ್ನ ಪೆನ್ನಿನ ಮುಳ್ಳೋ ಒರಟು. ನಲವತ್ತು ಮತ್ತು ನಲವತ್ತೆರಡರ ನಡುವೆ ತೂತೇ ಬಿತ್ತು. ಅಲ್ಲಿಗೆ ಪಟ್ಟಿ ಸಿದ್ಧ. ಗೋಡೆಯ ಗಡಿಯಾರ ನೋಡಿ, ಕೊನೆಯಲ್ಲಿ ‘ಸಂಜೆ ಆರೂಕಾಲು ಗಂಟೆಗೆ ಮುಗಿಯಿತು’ ಎಂದು ಬರೆದು ರುಜು ಹಾಕಿದೆ.

ಮಾರನೆಯ ದಿನ ಎರಡು ಗಾಡಿ ಹೇರಿಕೊಂಡು ಹೊರಟೆವು. ಎಂಟಕ್ಕೆ ಸರಿಯಾಗಿ ಗಾಡಿ ಹೊರಡಬೇಕೆಂದು ನಾನು ಗಡಿಯಾರದ ಕೆಳಗೆ ನಿಂತುಕೊಂಡು ಎಲ್ಲರನ್ನೂ ಅವಸರಪಡಿಸಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹೊಲ ಮುಟ್ಟಿದಾಗ ನಿಂಗಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಗಾಡಿಗಳನ್ನು ನೋಡಿದಳು. ಐವತ್ತು ದಾಟಿದ ಗಟ್ಟಿ ಹೆಂಗಸು. ಅವಳ ಹಳ್ಳಿಯಲ್ಲಿ ಹುಟ್ಟಿದ ಮಕ್ಕಳಲ್ಲಿ ಮುಕ್ಕಾಲು ಪಾಲು ಅವಳ ಕೈಗೇ ಬಿದ್ದವು. “ಇದೇನ್ ಮೇಷ್ಟ್ರೇ, ಪಿಳೇಗಿಗೆ ಬಂದ್ರೋ, ದಿಬ್ಬಣ ತಂದ್ರೋ? ನಾವು ಗುಡ್ಲಿಗೆ ಬರಾವಾಗ ಒಂದ್ ಮಡ್ಕೆ, ಒಂದ್ ಕಂಬ್ಳಿ ತತ್ತೀವಿ ಕಣ್ರಪ್ಪ” ಅಂದಳು. ನಾನು ಪಟ್ಟಿ ತೆಗೆದು, ಆಪತ್ಕಾಲದಲ್ಲಿ ಯಾವುದೂ ಮರೆಯಬಾರದೆಂದು ಅವಳಿಗೆ ತಿಳಿಯಹೇಳಿದೆ. “ಊಂ, ಬುಡಿ. ಇಷ್ಟ್ ತಂದವ್ರು ಏನೋ ಒಂದ್ ಮರ್ತೇ ಇರ್ತೀರ” ಎಂದು ಹಾಲಿನ ಚೆಂಬು ಇಟ್ಟು ಹೋದಳು.

ಆ ಮುದುಕಿಯ ಬಾಯಿ ಅಂಥದ್ದು. ಕಬ್ಬಿನ ಸೋಗೆ ಹೊದಿಸಿದ ಎರಡು ಗುಡಿಸಲಲ್ಲಿ ಸಾಮಾನೆಲ್ಲ ಇಳಿಸಿ, ಒಂದೊಂದಕ್ಕೂ ಗುರುತು ಹಾಕಿ, ಎಂಬತ್ತೈದೂ ಬಂದಿವೆ ಎಂದು ಹೆಮ್ಮೆಯಿಂದ ಬೀಗುತ್ತ, ‘ಇಳಿಸಿದ ವೇಳೆ’ ಎಂದು ಬರೆಯಲು ತಲೆಯೆತ್ತಿ ನೋಡಿದೆ. ಸೋಗೆ ಕಂಡಿತು. ಗಡಿಯಾರ ನಮ್ಮ ಮನೆಯ ನಡುಮನೆಯ ಗೋಡೆಯ ಮೇಲೇ ಟಿಕ್‌ಟಿಕ್ ಎನ್ನುತ್ತಿತ್ತು. ಪಟ್ಟಿ ಬರೆಯುವಾಗ ಅದನ್ನು ದಿನಕ್ಕೆ ಹತ್ತು ಸಲವಾದರೂ ನೋಡಿದ್ದೆ. ನೋಡಿದ್ದೇ ಹೊರತು ಬರೆಯಲಿಲ್ಲ. “ಏನೂಂದ್ರೆ, ಒರಳುಕಲ್ಲು ತಂದಿದೀರಿ, ಗಡಿಯಾರ ಬಿಟ್ಟಿದೀರಿ” ಎಂದು ಸಾವಿತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಮ್ಮ ನಗಲಿಲ್ಲ. “ಹೆರಿಗೆಮನೆಗೆ ಗಡಿಯಾರ ಬೇಡವೇನೋ? ಜಾತಕ ಬರೆಸೋದು ಹೇಗೆ?” ಎಂದು ಹಣೆ ಚಚ್ಚಿಕೊಂಡಳು. ಹೋಗಿ ತರುತ್ತೇನೆಂದರೆ ಅದಕ್ಕೂ ಬಿಡಲಿಲ್ಲ. ಬೀಗ ಹಾಕಿದ ಪ್ಲೇಗಿನ ಮನೆಗೆ ಕಾಲಿಟ್ಟು ಬಂದವನು ಗರ್ಭಿಣಿಯ ಹತ್ತಿರ ಸುಳಿಯಕೂಡದೆಂದು ಆಣೆ ಹಾಕಿದಳು. ಕೂಸಿಗೆ ಬಟ್ಟೆ ಬರೆಯಕೂಡದು, ಆದರೆ ಕೂಸಿನ ಜಾತಕಕ್ಕೆ ಗಡಿಯಾರ ಇರಬೇಕು! ಈ ತರ್ಕವನ್ನು ನಾನು ಪ್ರಶ್ನಿಸಲಿಲ್ಲ. ಅಪರಾಧಿಯ ಸ್ಥಾನದಲ್ಲಿದ್ದವನು ತರ್ಕ ಮಾಡಬಾರದು.

ಅಲ್ಲಿಂದ ನಮ್ಮ ಬದುಕಿಗೆಲ್ಲ ಹಲಗೂರು ಬಸ್ಸೇ ಗಡಿಯಾರವಾಯಿತು. ಮಳವಳ್ಳಿಯಿಂದ ಹೊರಟು ಹತ್ತೂವರೆಗೆ ನಮ್ಮ ಹೊಲದ ಮುಂದೆ ಹೋಗಬೇಕಾದದ್ದು. ಹೋಗಬೇಕಾದದ್ದು, ಅಷ್ಟೆ. ಪೆಟ್ರೋಲಿಲ್ಲದ ಕಾಲವಾದ್ದರಿಂದ ಹಿಂದುಗಡೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದ ಬಸ್ಸು ಅದು. ಒಲೆಯೇನೋ ಚೆನ್ನಾಗಿ ಉರಿಯುತ್ತಿತ್ತು, ಬಸ್ಸು ಹೋಗುತ್ತಿರಲಿಲ್ಲ. ದಿಬ್ಬ ಬಂದರೆ ಗಂಡಸರೆಲ್ಲ ಇಳಿದು ತಳ್ಳಬೇಕು; ಮುತ್ತತ್ತಿಯ ಆಂಜನೇಯನಿಗೆ ಹರಕೆ ಹೊತ್ತವರು ಅರ್ಧ ಹರಕೆಯನ್ನು ದಾರಿಯಲ್ಲೇ ತೀರಿಸಿಬಿಡುತ್ತಿದ್ದರು. ಬಿಸಿಲು ನೋಡಿ ಹೊತ್ತು ಹೇಳುವ ನಿಂಗಮ್ಮ ಬಸ್ಸು ಎಂದರೆ ಮೂಗು ಮುರಿಯುತ್ತಿದ್ದಳು. ಅಮ್ಮನಂತೂ ಅದನ್ನು ಶಪಿಸದ ದಿನವಿಲ್ಲ. ಆದರೂ ದೂರದಲ್ಲಿ ಅದರ ಹಾರನ್ನು ಕೇಳಿದೊಡನೆ “ಹತ್ತೂವರೆ ಆಯ್ತು, ಅನ್ನಕ್ಕಿಡು” ಎನ್ನುತ್ತಿದ್ದವಳೂ ಅವಳೇ.

ಒಂಬತ್ತನೆಯ ದಿನ ಬೆಳಿಗ್ಗೆಯಿಂದ ಮೋಡ ಕವಿದುಕೊಂಡಿತ್ತು. ನೆರಳು ಎನ್ನುವುದೇ ಇಲ್ಲ. ಸ್ನಾನಕ್ಕೆ ನೀರು ಕಾಯಿಸುತ್ತಿದ್ದ ಸಾವಿತ್ರಿ ಸೌದೆ ಕೈಯಲ್ಲಿ ಹಿಡಿದಂತೆಯೇ ಕೂತುಬಿಟ್ಟಳು. ಇನ್ನೂ ಹದಿನೈದು ದಿನ ಇದೆಯೆಂದು ಲೆಕ್ಕ ಹಾಕಿದ್ದೆವು. ನಾನು ಗದ್ದೆಯ ಬದುವಿನ ಮೇಲೆ ಓಡಿಹೋಗಿ ನಿಂಗಮ್ಮನನ್ನು ಕರೆತಂದೆ. ಕರೆತಂದೆ ಎಂದರೆ ತಪ್ಪು. ಅವಳು ಮುಂದೆ, ನಾನು ಏದುತ್ತ ಹಿಂದೆ. “ನೀವ್ ಆಚ್ಗೆ ಓಗಿ ಮೇಷ್ಟ್ರೇ. ಇಲ್ಲಿ ನಿಂತ್ಕಂಡ್ ಬೇರೆ ಬೀಳ್ಬ್ಯಾಡಿ” ಎಂದು ನನ್ನನ್ನು ಹೊರಗೆ ದಬ್ಬಿ, ಬಾಗಿಲಿಗಿದ್ದ ಸೋಗೆಯ ತಟ್ಟಿಯನ್ನು ಎಳೆದುಕೊಂಡಳು. ಸೂಜಿಯ ಸುದ್ದಿ ಅವಳ ಹಳ್ಳಿಗೂ ಮುಟ್ಟಿತ್ತೆಂದು ಆಗ ತಿಳಿಯಿತು.

ನಾನು ಹೊರಗೆ ಪಟ್ಟಿ ಹಿಡಿದುಕೊಂಡು ಕೂತೆ. ಎಷ್ಟು ಹೊತ್ತೋ ಗೊತ್ತಿಲ್ಲ. ಗೊತ್ತಾಗುವುದಕ್ಕೆ ಗಡಿಯಾರವಿದ್ದರೆ ತಾನೆ. ಒಳಗಿನ ಸಾವಿತ್ರಿಯ ಕೂಗು ಇದ್ದಕ್ಕಿದ್ದಂತೆ ನಿಂತಿತು. ಆಮೇಲೆ ಏನೂ ಇಲ್ಲ. ನಿಂಗಮ್ಮ ತಟ್ಟುತ್ತಿದ್ದ ಸದ್ದು ಮಾತ್ರ ಪಟ್, ಪಟ್, ಪಟ್ ಎಂದು ಕೇಳುತ್ತಿತ್ತು. ಆ ಸದ್ದು ಮದ್ದೂರಿನಲ್ಲಿ ಒಮ್ಮೆ ಕೇಳಿದ್ದೆ. ಅಮ್ಮ ತಟ್ಟಿಯ ಹತ್ತಿರ ನಿಂತವಳು, “ಅತ್ತಿತೇನೇ ನಿಂಗಮ್ಮಾ? ಅತ್ತಿತೇನೇ?” ಎಂದು ಕೇಳಿದ್ದನ್ನೇ ಕೇಳುತ್ತಿದ್ದಳು. ಅಷ್ಟರಲ್ಲಿ ಒಂದು ದನಿ ಎದ್ದಿತು. ನಾನು “ಅತ್ತಿತು!” ಎಂದು ಕೂಗಿ ಎದ್ದು ನಿಂತೆ. ಅದು ರಸ್ತೆಯ ಮೇಲೆ ಹಲಗೂರು ಬಸ್ಸಿನ ಹಾರನ್ನು. ನಾನು ಮತ್ತೆ ಕುಸಿದು ಕೂತೆ. ಮರುಗಳಿಗೆಯಲ್ಲೇ ಇನ್ನೊಂದು ದನಿ. “ಹಾಳಾದ ಬಸ್ಸು” ಎಂದು ನಾನು ಹಲ್ಲು ಕಡಿದೆ. ಅದು ಬಸ್ಸಲ್ಲ. ಬಸ್ಸು ಆಗಲೇ ದಿಬ್ಬದ ಬುಡದಲ್ಲಿ ಕೆಟ್ಟು ಸುಮ್ಮನೆ ನಿಂತಿತ್ತು. ದನಿ ಗುಡಿಸಲೊಳಗಿನದು, ಎರಡು ಬಸ್ಸಿಗೆ ಸಾಲುವಷ್ಟಿತ್ತು. “ಎಣ್ಣು ಕಣ್ರಪ್ಪೋ! ಎಂಗ್ ಅರಚ್ಕತದೆ ನೋಡಿ, ಮೇಷ್ಟ್ರ ಮಗ್ಳೇ ಸೈ!” ಎಂದಳು ನಿಂಗಮ್ಮ. ನಾನು ಅತ್ತೆ. ಮರೆಮಾಚುವುದೇನು, ಹೋ ಎಂದು ಅತ್ತುಬಿಟ್ಟೆ.

ಸ್ವಲ್ಪ ಹೊತ್ತಾದ ಮೇಲೆ ನಿಂಗಮ್ಮ ತಲೆ ಹೊರಗೆ ಹಾಕಿ, “ತಲೆಗೇನಾರ ಕೊಡಿ, ಗಾಳಿ ಸೀತ ಐತೆ” ಅಂದಳು. ನಾನು ಅಮ್ಮನ ಮುಖ ನೋಡಿದೆ, ಅಮ್ಮ ನನ್ನ ಮುಖ ನೋಡಿದಳು. ಆಮೇಲೆ ನಾನು ತಲೆತಗ್ಗಿಸಿಕೊಂಡು, ಪಟ್ಟಿಯಲ್ಲಿ ‘ಶಾಲೆಯ ಪುಸ್ತಕಗಳು’ ಎಂದಿದ್ದ ಪೆಟ್ಟಿಗೆ ತೆಗೆದು, ವ್ಯಾಕರಣದ ಪುಸ್ತಕದ ಕೆಳಗಿನಿಂದ ಒಂದು ಹಳದಿ ಕುಲಾವಿ ಎಳೆದೆ. ಬೈಗುಳ ಬೀಳುತ್ತದೆಂದು ಕಾದರೆ, ಅಮ್ಮ ತನ್ನ ಮಡಿಬಟ್ಟೆಯ ಗಂಟು ಬಿಚ್ಚುತ್ತಿದ್ದಳು. ಹಳೆಯ ರೇಷ್ಮೆ ರವಿಕೆ ಕಣದಲ್ಲಿ, ಕಾಣದ ಕಣ್ಣಿನಲ್ಲಿ, ಕೈಯಿಂದಲೇ ಹೊಲಿದ ಒಂದು ಕುಲಾವಿ ಅದರೊಳಗಿತ್ತು. ಒಳಗಿನಿಂದ ಸಾವಿತ್ರಿಯ ಸೋತ ದನಿ ಬಂತು: “ಅಕ್ಕಿ ಡಬ್ಬದ ತಳದಲ್ಲಿ ನೋಡಿ, ಒಂದು ಇಟ್ಟಿದೀನಿ.” ನಿಂಗಮ್ಮ ಸೆರಗಿನ ಗಂಟಿನಿಂದ ತನ್ನದೊಂದು ಕೆಂಪನೆಯದು ತೆಗೆದಳು. “ನೀವ್ ಓದ್ದೋರು, ಸಾಸ್ತ್ರ ನೋಡ್ತೀರಿ, ತಂದಿರಾಕಿಲ್ಲ ಅಂತ ನಾನೇ ತಂದಿದ್ದೆ. ನಮ್ಗೆಲ್ಲಿ ಸಾಸ್ತ್ರ!” ಅಂದಳು. ಪಟ್ಟಿಯಲ್ಲಿ ತೂತು ಬಿದ್ದ ಆ ಒಂದು ಬಾಬು ನಾಲ್ಕಾಗಿ ಬಂದಿತ್ತು. ನಾಲ್ಕೂ ದೊಡ್ಡವಾದವು. ಮಗುವಿನ ಮೂಗಿನವರೆಗೂ ಇಳಿಯುತ್ತಿದ್ದವು. ಅಮ್ಮ ನಗುತ್ತ ಅಳುತ್ತ, “ಒಂದು ತರಬಾರದು ಅಂತ ತಾನೆ ಗಾದೆ? ನಾಲ್ಕಕ್ಕೆ ಯಾವ ಗಾದೆಯೂ ಇಲ್ಲ” ಎಂದು ತೀರ್ಪು ಕೊಟ್ಟಳು.

ಕೊಟ್ಟವಳಿಗೆ ಆಗಲೇ ಜಾತಕ ನೆನಪಾಗಬೇಕೆ! “ವೇಳೆ! ವೇಳೆ ಕೇಳಿಕೊಂಡು ಬಾರೋ!” ಎಂದು ನನ್ನನ್ನು ರಸ್ತೆಗೆ ಓಡಿಸಿದಳು. ಬಸ್ಸು ಇನ್ನೂ ಅಲ್ಲೇ ನಿಂತಿತ್ತು. ಕಂಡಕ್ಟರು ಒಲೆಗೆ ಇದ್ದಿಲು ತುಂಬುತ್ತಿದ್ದ, ಜನ ಕೆಳಗಿಳಿದು ಬೀಡಿ ಸೇದುತ್ತಿದ್ದರು. ನಾನು ಏದುಸಿರು ಬಿಡುತ್ತ ಗಂಟೆ ಎಷ್ಟೆಂದು ಕೇಳಿದೆ. ಅಷ್ಟೂ ಜನರಲ್ಲಿ ಒಬ್ಬನ ಕೈಯಲ್ಲೂ ಗಡಿಯಾರವಿಲ್ಲ. ಕಂಡಕ್ಟರು ಮಸಿ ಮುಖ ಎತ್ತಿ, “ಟೈಮಾ? ಬಸ್ಸು ಬಂದೈತಲ್ಲ ಮೇಷ್ಟ್ರೇ, ಅತ್ತೂವರೆ” ಅಂದ.

“ಅಲ್ಲಪ್ಪ, ನಿಜವಾದ ಟೈಮು?”

“ಅದ್ ನಂಗೆಂಗ್ ಗೊತ್ತಾದದು? ನಂಗೆ ಕೊಟ್ಟಿರಾದು ಅತ್ತೂವರೆ, ನಾನ್ ಏಳಾದೂ ಅತ್ತೂವರೆ” ಎಂದು ಒಲೆ ಕೆದಕಿದ. ನಿಂತಿದ್ದವರಲ್ಲಿ ಒಬ್ಬ ಹನ್ನೊಂದಿರಬೇಕೆಂದ, ಇನ್ನೊಬ್ಬ ಹೊಟ್ಟೆ ಮುಟ್ಟಿ ನೋಡಿಕೊಂಡು ಹನ್ನೆರಡು ದಾಟಿದೆಯೆಂದ. ನಾನು ಪಟ್ಟಿಯ ಬೆನ್ನಿನ ಮೇಲೆ ‘ಹಲಗೂರು ಬಸ್ಸು ಬಂದಾಗ ಶಿಶು ಜನನ’ ಎಂದಿಷ್ಟು ಬರೆದುಕೊಂಡು ಬಂದೆ.

ಪ್ಲೇಗು ತಗ್ಗಿ ಊರಿಗೆ ಮರಳಿದ ಮೇಲೆ ಜೋಯಿಸರ ಮುಂದೆ ಆ ಕಾಗದ ಹಿಡಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಓದಿದರು. “ಸೂರ್ಯನನ್ನು ನಂಬಿ ಜಾತಕ ಬರೆದಿದ್ದೇನೆ, ಚಂದ್ರನನ್ನು ನಂಬಿ ಬರೆದಿದ್ದೇನೆ. ಬಸ್ಸನ್ನು ನಂಬಿ ಇದೇ ಮೊದಲು” ಎಂದು ನಿಟ್ಟುಸಿರಿಟ್ಟು, ಕೊನೆಗೆ ಎರಡು ಜಾತಕ ಬರೆದರು. ಬಸ್ಸು ಟೈಮಿಗೆ ಬಂದಿದ್ದರೆ ಮೀನ ಲಗ್ನ: ವಿದ್ಯೆ ಇದೆ, ಐಶ್ವರ್ಯ ಇದೆ, ಆಯುಸ್ಸು ಮಾತ್ರ ಸ್ವಲ್ಪ ನೋಡಿಕೊಳ್ಳಬೇಕು. ಬಸ್ಸು ತಡವಾಗಿದ್ದರೆ ಮೇಷ ಲಗ್ನ: ವಿದ್ಯೆ ಅಷ್ಟಕ್ಕಷ್ಟೆ, ಬಾಯಿ ಜೋರು, ಆಯುಸ್ಸು ಮಾತ್ರ ಗಟ್ಟಿ, ಮೊಮ್ಮಕ್ಕಳ ಮದುವೆ ನೋಡುವಷ್ಟು. ಅಮ್ಮ ಕ್ಷಣವೂ ಯೋಚಿಸಲಿಲ್ಲ. “ಆ ಬಸ್ಸು ಯಾವತ್ತು ಟೈಮಿಗೆ ಬಂದಿದೆ? ಅವತ್ತಂತೂ ಬಹಳ ತಡವಾಗಿತ್ತು. ಅಲ್ಲವೇನೋ ನಾಣಿ?” ಎಂದು ನನ್ನತ್ತ ತಿರುಗಿದಳು. ಅವಳ ಕಣ್ಣು ನೋಡಿದೆ. ಆಧಾರವಿಲ್ಲದೆ ಏನನ್ನೂ ಹೇಳಬಾರದೆಂದು ಹುಡುಗರಿಗೆ ಪಾಠ ಹೇಳುವ ನಾನು, “ಎರಡು ಗಂಟೆ ತಡ ಜೋಯಿಸರೇ, ನಾನೇ ಸಾಕ್ಷಿ” ಅಂದೆ. ಮೀನ ಲಗ್ನದ ಹಾಳೆಯನ್ನು ಅಮ್ಮ ಅಂದೇ ಬಚ್ಚಲೊಲೆಗೆ ಹಾಕಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಆ ಬಸ್ಸನ್ನು ಬೈಯುವಂತಿಲ್ಲ. ಯಾರಾದರೂ ತಡ ಎಂದು ಗೊಣಗಿದರೆ ಅಮ್ಮ, “ತಡವಾದರೇನಂತೆ, ಪುಣ್ಯಾತ್ಮ ಬಸ್ಸು” ಎನ್ನುತ್ತಾಳೆ.

ಮಗುವಿಗೆ ಜಯ ಎಂದು ಹೆಸರಿಟ್ಟೆವು. ಈಗ ಅವಳಿಗೆ ನಾಲ್ಕು ತುಂಬಿದೆ. ಬಾಯಿಯ ವಿಷಯದಲ್ಲಿ ಮೇಷ ಲಗ್ನ ಈಗಾಗಲೇ ನಿಜವಾಗಿದೆ. ಈ ವರ್ಷ ಮತ್ತೆ ಇಲಿ ಬಿತ್ತು. ಮತ್ತೆ ಸೂಜಿ, ಮತ್ತೆ ಗುಡಿಸಲು, ಮತ್ತೆ ನಿಂಗಮ್ಮನ ಹೊಲ. ನಾನು ಹೊಸ ಪಟ್ಟಿ ಬರೆದೆ. ಮೊದಲನೆಯ ಬಾಬು: ಗಡಿಯಾರ. ಅದನ್ನು ನಾನೇ ಗೋಡೆಯಿಂದ ಇಳಿಸಿ, ಹಾಸಿಗೆಯಲ್ಲಿ ಸುತ್ತಿ, ಗಾಡಿಯಲ್ಲಿ ಮಡಿಲ ಮೇಲಿಟ್ಟುಕೊಂಡು ತಂದೆ. ಗುಡಿಸಲಿನ ಕಂಬಕ್ಕೆ ಮೊಳೆ ಹೊಡೆದು ಎಲ್ಲರನ್ನೂ ಕರೆದು ತೂಗುಹಾಕಿದೆ. ನಿಂಗಮ್ಮ ಕೂಡ “ಪರ್ವಾಗಿಲ್ವೇ, ಬುದ್ದಿ ಬಂದದೆ ಮೇಷ್ಟ್ರಿಗೆ” ಅಂದಳು. ದಾರಿಯ ಕುಲುಕಾಟಕ್ಕೆ ಅದು ನಿಂತಿತ್ತು. ಕೀ ಕೊಡೋಣವೆಂದು ಕೈಹಾಕಿದೆ. ಕೀ ನಡುಮನೆಯ ಗೂಡಿನಲ್ಲಿತ್ತು. ಹಿತ್ತಿಲ ಬಾಗಿಲಿಗೆ, ಮುಂಬಾಗಿಲಿಗೆ ಹಾಕಿದ ಎರಡು ಬೀಗದ ಆಚೆಗೆ.

ಸಾವಿತ್ರಿ ಬೇಕೆಂದೇ ಬಹಳ ಮೆದುವಾಗಿ, “ಏನೂಂದ್ರೆ, ಗಂಟೆ ಎಷ್ಟಾಯ್ತು?” ಅಂದಳು. ನಾನು ನಿಂತ ಗಡಿಯಾರದ ಮುಂದೆ ನಿಂತೇ ಇದ್ದೆ. ಅಷ್ಟರಲ್ಲಿ ದಿಬ್ಬದ ಕಡೆಯಿಂದ ಹಾರನ್ನು ಕೇಳಿಸಿತು. ಹೊರಗೆ ಮಣ್ಣಾಡುತ್ತಿದ್ದ ಜಯ ಗುಡಿಸಲೊಳಕ್ಕೆ ಓಡಿಬಂದು, ಹಲಗೂರಿನವರೆಗೂ ಕೇಳಿಸುವ ಹಾಗೆ ಕೂಗಿದಳು: “ಅಪ್ಪಾ, ನಾನು ಹುಟ್ಟೋ ಟೈಮಾಯ್ತು!”